ಪದಚರ್ಚೆ: 'ಡರ್ಟಿ ಪೇಜ್' ಅಂದರೆ 'ಕೊಳಕು ಪುಟ'ವೇ?

ಪ್ರಶ್ನೆ (ಕಾರವಾರ)
ಲಿನಕ್ಸ್ ಲ್ಯಾಬಿನ ಗೋಡೆಗೆ ಸೂಚನಾಪಟ್ಟಿ, ನಾಳೆ ಮಧ್ಯಾಹ್ನ ಪ್ರಿಂಟಿಗೆ ಹೋಗಬೇಕು. ಸಿಕ್ಕಿಬಿದ್ದ ಪದಗಳು: ಪೇಜ್ ಕ್ಯಾಶ್ (ಫೈಲಿನ ಮಾಹಿತಿಯನ್ನು ಮೆಮೊರಿಯಲ್ಲಿ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗ), ಡರ್ಟಿ ಪೇಜ್ (ಅದರಲ್ಲಿ ಬದಲಾಗಿ, ಡಿಸ್ಕಿಗೆ ಇನ್ನೂ ಬರೆಯದ ಪುಟ), ಸ್ವಾಪಿನೆಸ್. ಸಂದರ್ಭ ಹೀಗಿದೆ: 8 ಜಿಬಿ ಮೆಮೊರಿಯ ಯಂತ್ರದಿಂದ ಪೆನ್‌ಡ್ರೈವಿಗೆ ಫೈಲ್ ಹಾಕಿದರೆ ಕ್ಷಣದಲ್ಲಿ ಮುಗಿದಂತೆ ಕಾಣ್ತದೆ, ಆದರೆ ಅದು ಇನ್ನೂ ಮೆಮೊರಿಯಲ್ಲೇ ಕೂತಿರ್ತದೆ. ಆಗ ಡ್ರೈವ್ ಕಿತ್ತರೆ ಫೈಲ್ ಹಾಳು. ಡರ್ಟಿ ರೇಶಿಯೊ (ಲಭ್ಯ ಮೆಮೊರಿಯಲ್ಲಿ ಇಂಥ ಪುಟಗಳಿಗಿರುವ ಶೇಕಡಾವಾರು ಮಿತಿ) 20, ಹಿನ್ನೆಲೆಯದ್ದು (ಡಿಸ್ಕಿಗೆ ಹಿನ್ನೆಲೆಯಲ್ಲಿ ಬರೆಯಲು ಶುರುವಾಗುವ ಮಟ್ಟ) 10 ಎಂಬ ಡೀಫಾಲ್ಟು ನಿಧಾನದ ಡ್ರೈವಿಗೆ ಜಾಸ್ತಿಯೇ. ಅದಕ್ಕೇ ಇದೇ ಮಿತಿಯನ್ನು ಬೈಟ್‌ಗಳಲ್ಲಿ ಹೇಳುವ ಡರ್ಟಿ ಬೈಟ್ಸ್ 50331648 (48 ಎಂಬಿ), ಹಿನ್ನೆಲೆಯದ್ದು 16777216 (16 ಎಂಬಿ) ಇಡಲು ಹೇಳ್ತಿದ್ದೇವೆ. ಹಳೇ ಪಟ್ಟಿಯಲ್ಲಿ 'ಕೊಳಕು ಪುಟಗಳ ಮಿತಿ' ಅಂತಿದೆ.

ಶಿರಸಿ
'ಕೊಳಕು' ಸಲ್ಲ. ಕೊಳಕು ಅಂದ ಕೂಡಲೇ ಹುಡುಗರಿಗೆ ತೊಳೀಬೇಕು ಅನ್ನಿಸ್ತದೆ, ಕ್ಯಾಶ್ ಖಾಲಿ ಮಾಡುವ ಡ್ರಾಪ್ ಕ್ಯಾಶಸ್‌ಗೆ 3 ಬರೆದು ಕೂರ್ತಾರೆ. ಅದು ಡರ್ಟಿ ಪುಟವನ್ನು ಮುಟ್ಟುವುದೇ ಇಲ್ಲ, ಮೊದಲು ಸಿಂಕ್ (ಮೆಮೊರಿಯಲ್ಲಿ ಉಳಿದದ್ದನ್ನು ಡಿಸ್ಕಿಗೆ ಬರೆಸುವ ಆಜ್ಞೆ) ಕೊಡಬೇಕು. 'ಹಸಿ ಪುಟ' ಅನ್ನಿ. ಸುಲಿದು, ಬೇಯಿಸಿ, ಒಣಗಿಸುವ ತನಕ ಅಡಿಕೆ ಹಸಿ. ಡಿಸ್ಕಿಗೆ ಇಳಿಯುವ ತನಕ ಪುಟ ಹಸಿ. ಸ್ವಾಪ್ (ಮೆಮೊರಿಯಿಂದ ಹೊರಹಾಕಿದ ಪುಟಗಳನ್ನಿಡುವ ಡಿಸ್ಕಿನ ಜಾಗ) ಅಂದರೆ ಅಟ್ಟ, ಸ್ವಾಪಿನೆಸ್ 'ಅಟ್ಟಕ್ಕೇರಿಸುವ ಒಲವು'. ಅದಕ್ಕೆ 'ಶೇಕಡಾ' ಮಾತ್ರ ಅಂಟಿಸಬೇಡಿ. ಡೀಫಾಲ್ಟು 60, ಕರ್ನಲ್ (ಲಿನಕ್ಸಿನ ತಿರುಳು) 5.8ರಿಂದ 200ರ ತನಕ ಕೊಡಬಹುದು. ಫೈಲಿನ ಕ್ಯಾಶ್ ಬಿಡುವುದೋ, ಪ್ರೋಗ್ರಾಮಿನ ಪುಟ ಸ್ವಾಪಿಗೆ ತಳ್ಳುವುದೋ ಎಂಬ ತೂಕ ಅದು.

ಕುಮಟಾ
ಅಡಿಕೆ ತೋಟವಿಲ್ಲದವ ಏನು ಮಾಡಬೇಕು ಮಾರಾಯ್ರೆ? 'ಬಾಕಿ ಪುಟ'. ಬರೆಯೋದು ಬಾಕಿ, ಅಷ್ಟೇ.

ಸಿದ್ದಾಪುರ
'ಬಾಕಿ' ಅರಬ್ಬಿಯಿಂದ ಬಂದದ್ದು. ಕನ್ನಡ ಬೇಕೆಂದು ಕೇಳಿದವರಿಗೆ ಅರಬ್ಬಿ ಕೊಡುವುದು ಯಾವ ನ್ಯಾಯ? ಕ್ಯಾಶ್‌ನ ಮೂಲ ಫ್ರೆಂಚಿನ 'ಬಚ್ಚಿಡು'. ಹಾಗಾಗಿ 'ಬಚ್ಚಿಕೆ' ಎಂದೇ ಆಗಬೇಕು.

ಶಿರಸಿ
ಬಚ್ಚಿಟ್ಟದ್ದು ಎಲ್ಲಿ? ಮೆಮೊರಿಯ ಲೆಕ್ಕ ತೋರಿಸುವ 'ಫ್ರೀ' ಆಜ್ಞೆ ಕೊಟ್ಟರೆ ಬಫ್/ಕ್ಯಾಶ್ ಕಾಲಮ್ಮಿನಲ್ಲಿ ಕಣ್ಣೆದುರೇ ಇದೆ. ನೋಡಬೇಕಾದ್ದು 'ಅವೈಲೆಬಲ್' ಕಾಲಮ್ಮು. 'ಫ್ರೀ' ಕಡಿಮೆ ಇದೆಯೆಂದು ಗಾಬರಿಯಾಗುವವರಿಗೆ ಬಚ್ಚಿಕೆ ಅಂದರೆ ಮೆಮೊರಿ ಯಾರೋ ಕದ್ದರು ಅಂತಲೇ ಅರ್ಥವಾದೀತು. ಮೂಲದ ವ್ಯುತ್ಪತ್ತಿ ಓದುಗನಿಗೆ ಯಾಕೆ?

ಕುಮಟಾ
ಕಾರವಾರದಲ್ಲಿ ಪಗಾರ, ಚಾವಿ, ಬಟಾಟೆ ಮೂರೂ ಪೋರ್ಚುಗೀಸು. ಪಗಾರ ಬೇಡ ಅಂದವರನ್ನು ಇನ್ನೂ ನೋಡಿಲ್ಲ.

ಸಿದ್ದಾಪುರ
ಅಲ್ಲಿಂದ ಬಂದದ್ದೆಲ್ಲ ಉಳಿಯಲಿ ಅಂದರೆ ಈ ಚರ್ಚೆಯೇ ಯಾಕೆ? ಇನ್ನು ನಾನು ಬರೆಯೋದಿಲ್ಲ.

ಹೊನ್ನಾವರ
ಬರವಣಿಗೆಯ ಮಾತು ಒಂದು. 'ಕ್ಯಾಶ್ ಖಾಲಿ ಮಾಡಿ' ಅಂತ ಗೋಡೆ ಮೇಲೆ ಬರೆದರೆ ಗಲ್ಲಾಪೆಟ್ಟಿಗೆ ನೆನಪಾಗ್ತದೆ. 'ಕ್ಯಾಶೆ' ಅಂತ ಬರೀರಿ, ಉಚ್ಚಾರ ತುಸು ವಾರೆಯಾದರೂ ಅನರ್ಥ ತಪ್ಪುತ್ತದೆ. ಇನ್ನೊಂದು, ಬೈಟ್ಸ್ ಕೊಟ್ಟ ಕೂಡಲೇ ರೇಶಿಯೊ ತಾನಾಗಿ 0 ಆಗ್ತದೆ. ಎರಡನ್ನೂ ಪಟ್ಟಿಯಲ್ಲಿ ಹಾಕಿದರೆ ಕೊನೆಗೆ ಬರೆದದ್ದೇ ನಿಲ್ಲೋದು. ಒಂದನ್ನೇ ಹಾಕಿ.

ಕಾರವಾರ
ರೇಶಿಯೊ ಸಾಲು ತೆಗೆದೆ. ಪ್ರಿಂಟಿಗೆ ಹೋಗುವುದು ಹೀಗೆ: "ಪೆನ್‌ಡ್ರೈವ್ ಕೀಳುವ ಮೊದಲು ಸಿಂಕ್ ಕೊಡಿ. ಬಾಕಿ ಪುಟಗಳು ಡಿಸ್ಕಿಗೆ ಇಳಿದು, ಆಜ್ಞೆ ಮುಗಿದು ಪ್ರಾಂಪ್ಟ್ ಬಂದ ಮೇಲೆ ಅನ್‌ಮೌಂಟ್ ಮಾಡಿ, ಆಮೇಲೆ ಕೀಳಿ." ಸ್ವಾಪಿನೆಸ್‌ಗೆ ಅಟ್ಟವೇ ಇರಲಿ. ಹಸಿ ಪುಟ ಚೆಂದವಿದೆ, ಆದರೆ ಇಲ್ಲಿ ಹಸಿ ಅಂದರೆ ಮೊದಲು ಮೀನೇ.