ವರ್ಣಭೇದದ ಕಾದಂಬರಿ ಏಳನೇ ಕ್ಲಾಸಿಗೆ ಓದಿಸೋದು ಹೇಗೆ?

ಮಾಲೂರು ಟೀಚರ್:
1955ರಲ್ಲಿ ಅಮೆರಿಕದ ಮಾಂಟ್‌ಗೊಮರಿ ನಗರದ ಕಪ್ಪು ಜನರು ವರ್ಣಭೇದ ವಿರೋಧಿಸಿ ಬಸ್ ಹತ್ತೋದನ್ನೇ ನಿಲ್ಲಿಸಿದ ಬಸ್ ಬಹಿಷ್ಕಾರದ ಹಿನ್ನೆಲೆಯ ಮಕ್ಕಳ ಕಾದಂಬರಿ ಓದಿಸಬೇಕು. 40 ನಿಮಿಷದ ನಾಲ್ಕು ಪೀರಿಯಡ್ ಇದೆ. ಎಲ್ಲಿಂದ ಶುರು ಮಾಡಲಿ?

ಚಿಂತಾಮಣಿ ಮೇಷ್ಟ್ರು:
ಮೇಡಂ, ಪೂರ್ತಿ ಪುಸ್ತಕ ಬೇಡ, ಮೂರು ಪುಟದ ಒಂದು ಸನ್ನಿವೇಶ ಸಾಕು. ಮೊದಲು ಬೋರ್ಡ್ ಮೇಲೆ ಬಸ್ಸಿನ ಚಿತ್ರ ಬರೆಯಿರಿ. ಆಗ ಮುಂದಿನ ಸೀಟು ಬಿಳಿಯರಿಗೆ, ಹಿಂದಿನವು ಕಪ್ಪು ಜನರಿಗೆ. ನಡುವಿನ ಸಾಲಲ್ಲಿ ಕೂತ ಕಪ್ಪು ಜನರು ಬಿಳಿಯರು ಬಂದರೆ ಏಳಬೇಕಿತ್ತು. ಏಳಲ್ಲ ಅಂದು ಬಂಧನಕ್ಕೊಳಗಾಗಿ ಬಹಿಷ್ಕಾರಕ್ಕೆ ಕಾರಣರಾದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಕೂತಿದ್ದು ಆ ನಡುವಿನ ಸಾಲಲ್ಲೇ. ಇದನ್ನು ತೋರಿಸದಿದ್ದರೆ ಅವರು ಬಿಳಿಯರ ಸೀಟಲ್ಲಿ ಕೂತಿದ್ದರು ಅಂತ ಮಕ್ಕಳು ತಪ್ಪು ತಿಳಿಯುತ್ತಾರೆ. ಆಮೇಲೆ ನೋಟ್‌ಬುಕ್ಕಲ್ಲಿ ಎರಡು ಕಾಲಂ: ನಡೆದದ್ದು, ಲೇಖಕರು ಕಟ್ಟಿದ್ದು. ಪಾರ್ಕ್ಸ್ ಬಂಧನ, 381 ದಿನದ ಬಹಿಷ್ಕಾರ ಮೊದಲನೆಯದಕ್ಕೆ. ಕಥೆಯ ಹುಡುಗಿ, ಅವಳ ಮಾತು ಎರಡನೆಯದಕ್ಕೆ.

ಬಂಗಾರಪೇಟೆ ಓದುಗ:
ದಯವಿಟ್ಟು ಮಕ್ಕಳನ್ನು ಬಿಳಿಯರು, ಕಪ್ಪು ಜನರು ಅಂತ ಗುಂಪು ಮಾಡಿ ನಾಟಕ ಆಡಿಸಬೇಡಿ. ಊರಲ್ಲಿ ಜಾತಿಯ ಅವಮಾನ ಉಂಡ ಮಗುವಿಗೆ ಮತ್ತೆ ಅದೇ ಪೆಟ್ಟು ಬೀಳುತ್ತೆ. ಅದರ ಬದಲು ಕಥೆಯ ಪಾತ್ರಕ್ಕೆ ಮಕ್ಕಳಿಂದ ಒಂದು ಪತ್ರ ಬರೆಸಿ. "ನಿಮ್ಮೂರಲ್ಲೂ ಹೀಗಿದೆಯಾ?" ಅಂತ ಯಾರನ್ನೂ ಎಬ್ಬಿಸಿ ಕೇಳಬೇಡಿ, ಹೆಸರಿಲ್ಲದ ಚೀಟಿಯಲ್ಲಿ ಬರೆಯಲಿ.

ಚಿಂತಾಮಣಿ ಮೇಷ್ಟ್ರು:
ನಿಜ ಸರ್. ಕೊನೇ ಪೀರಿಯಡ್‌ನಲ್ಲಿ ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ 17ನೇ ವಿಧಿ ಓದಿಸಿ, ಹೋಲಿಕೆ ಮಕ್ಕಳೇ ಮಾಡಲಿ. ವರ್ಣಭೇದ, ಜಾತಿ ಎರಡೂ ಒಂದೇ ಅಂತ ಮಾತ್ರ ನಾವೇ ಹೇಳಿಬಿಡೋದು ಬೇಡ.