ಅಪ್‌ಡೇಟ್: ಪುಸ್ತಕದ ಪ್ರಚಾರ ಮತ್ತು ರಾತ್ರಿ ಊಟ

ನನ್ನ ಕಥಾಸಂಕಲನದ ಪ್ರಚಾರಕ್ಕೆ ಊರೂರು ತಿರುಗಲಾ, ಇಲ್ಲಾ ಕಲಬುರಗಿ ಸ್ಟೇಷನ್ ಹೊರಗೆ ಮಲಗುವವರಿಗೆ ರಾತ್ರಿ ಊಟ ಕೊಡುವುದನ್ನು ಮುಂದುವರಿಸಲಾ ಅಂತ ಹೋದ ತಿಂಗಳು ಕೇಳಿದ್ದೆ, ನೆನಪಿದೆ ಅಲ್ವಾ? ಎರಡೂ ನಡೆಯುತ್ತಿದೆ. ಭಾನುವಾರ ಪುಸ್ತಕಕ್ಕೆ, ಅದೂ ಬೀದರ್, ಯಾದಗಿರಿವರೆಗೆ ಮಾತ್ರ. ಉಳಿದ ರಾತ್ರಿ ಜೋಳದ ರೊಟ್ಟಿ, ಬೇಳೆ, ಪುಂಡಿ ಪಲ್ಯ. ಅಲ್ಲಿರುವ ಒಬ್ಬ ಮುತ್ಯಾಗೆ ಹಲ್ಲಿಲ್ಲ, ರೊಟ್ಟಿ ಮುರಿದು ಬೇಳೆಯಲ್ಲಿ ನೆನೆಸಿ ಕೊಟ್ಟರೆ ತಟ್ಟೆಯನ್ನು ಬೆರಳಿನಿಂದ ಒರೆಸಿ ತಿನ್ನುತ್ತಾರೆ.

ಊಟಕ್ಕಿಂತ ಮಲಗುವ ಜಾಗ ಮುಖ್ಯ ಅಂತ ನೀವು ಹೇಳಿದ್ದು ನಿಜ. ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲಿ 1 ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಆಶ್ರಯ ಇರಬೇಕು ಅಂತ ಇತ್ತು, ನಮ್ಮೂರು 2011ರಲ್ಲೇ 5 ಲಕ್ಷ ದಾಟಿತ್ತು. ಅದನ್ನೇ ಬರೆದು ಅರ್ಜಿ ಕೊಟ್ಟಿದ್ದೇನೆ.

ಊಟ ಕೊಡುವ ಫೋಟೋ ಹಾಕಿದರೆ ಪುಸ್ತಕ ಜಾಸ್ತಿ ಹೋಗುತ್ತೆ ಅಂದವರಿಗೆ: ಹಾಕುವುದಿಲ್ಲ. ಅವರ ಹಸಿವು ನನ್ನ ಜಾಹೀರಾತಲ್ಲ.