ಮುಂಗಸಿ ನಮ್ಮಲ್ಲೂ ಅದಾವ, ದ್ವೀಪದಾಗ ಮಾತ್ರ ಹಾವು ಯಾಕ ಮುಗದು ಹೋದ್ವು?

ಹೊಲದ ಬದು, ಗದಗ:
ನಮಸ್ಕಾರ್ರೀ. ನಮ್ಮ ಹೊಲದಾಗ ಮುಂಗಸಿ ಜೋಡಿ ಓಡಾಡ್ತಾವ, ಹಂಗಂತ ನಾಗರಹಾವೇನ್ ಕಡಿಮಿ ಆಗಿಲ್ಲ, ಕೇರಿಹಾವಂತೂ ಬಣವಿ ಹತ್ರ ಯಾವಾಗ್ಲೂ ಕಾಣ್ತಾವ. ಆದ್ರ ಯಾರೋ ಹೇಳಿದ್ರು, ವೆಸ್ಟ್ ಇಂಡೀಸ್ ಕಡೆ ನಮ್ಮ ದೇಶದ ಮುಂಗಸಿ ಒಯ್ದು ಬಿಟ್ಟಿದ್ದಕ್ಕ ಅಲ್ಲಿ ಹಾವಿನ ಜಾತಿನ ನಾಶ ಆದ್ವಂತ. ಖರೇನ್ರೀ? ಅದ ಮುಂಗಸಿ ಇಲ್ಲ್ಯಾಕ ಹಂಗ ಮಾಡಿಲ್ಲ?

ಕಾಲೇಜ್ ಕಟ್ಟಿ, ಧಾರವಾಡ:
ಖರೇನ ರೀ. 1872ರಾಗ ಜಮೈಕಾದ ಕಬ್ಬಿನ ತೋಟಕ್ಕ ಇಲಿ ಕಾಟ ಅಂತ ಭಾರತದಿಂದ 9 ಮುಂಗಸಿ ತರಿಸಿದ್ರು, ಆಮ್ಯಾಲೆ ಬ್ಯಾರೆ ದ್ವೀಪಕ್ಕೂ ಹೋದ್ವು. ಇಲಿ ಓಡಾಡೋದು ರಾತ್ರಿ, ಮುಂಗಸಿ ಹಗಲೊತ್ತು, ಹಿಂಗಾಗಿ ಇಲಿ ಉಳಕೊಂಡ್ವು, ಬಿಸಲಿಗೆ ಮೈ ಕಾಸ್ಕೋಂತ ಬಿದ್ದಿರೋ ಹಾವು ಸಿಕ್ಕಬಿದ್ವು. ಆಂಟಿಗಾ ರೇಸರ್ ಅಂತ ಒಂದು ಬಡಪಾಯಿ ಹಾವು, ಮನುಷ್ಯಾರಿಗೆ ಏನೂ ಮಾಡೂದಿಲ್ಲ, ಹಲ್ಲಿ ತಿಂದು ಬದುಕೋದು, ಆಂಟಿಗಾದ ದೊಡ್ಡ ದ್ವೀಪದಾಗ ಪೂರಾ ಮುಗದು ಹೋತು. ನಮ್ಮ ಹಾವು ಮುಂಗಸಿ ಜೋಡಿ ತಲತಲಾಂತರದಿಂದ ಬಾಳೇ ಮಾಡ್ಯಾವ, ಹೆಡಿ ಎತ್ತೋದು, ಬಿಲ ಸೇರೋದು ಎಲ್ಲಾ ಗೊತ್ತದ. ಅಲ್ಲಿಯವಕ್ಕ ಇಂಥಾ ವೈರಿನ ಇರಲಿಲ್ಲ, ಓಡಬೇಕು ಅನ್ನೋದ ಗೊತ್ತಿಲ್ಲ ಪಾಪ.

ಹೊಲದ ಬದು, ಗದಗ:
ಇಲಿ ಉಳದ್ವಲ್ಲ, ಹಾವಿಗೆ ಊಟ ಆತಲ್ರೀ ಹಂಗಾದ್ರ?

ಉಣಕಲ್ ಕೆರಿ, ಹುಬ್ಬಳ್ಳಿ:
ಇಲ್ಲ ರೀ, ಅಲ್ಲಿ ಉಲ್ಟಾ, ಇಲಿಗಳ ಹಾವನ್ನ ತಿಂತಾವ. ಹಡಗಿನ್ಯಾಗ ಬಂದ ಕರಿ ಇಲಿ ತತ್ತಿ, ಮರಿ ಬಿಡೂದಿಲ್ಲ, ದೊಡ್ಡ ಹಾವಿಗೂ ಕಡೀತಾವ. ಆ ರೇಸರ್ ಕಡೀಗೆ ಗ್ರೇಟ್ ಬರ್ಡ್ ಐಲ್ಯಾಂಡ್ ಅನ್ನೋ ಸಣ್ಣ ನಡುಗಡ್ಡಿ ಮ್ಯಾಲ ಮಾತ್ರ ಉಳದಿತ್ತು, ಮುಂಗಸಿ ಅಲ್ಲಿ ಮುಟ್ಟೇ ಇರಲಿಲ್ಲ ಆದ್ರ ಇಲಿ ಇದ್ವು. 1995ರಾಗ ಸುಮಾರು 50 ಹಾವು ಅಷ್ಟ, ಅದರಾಗ ಭಾಳ ಹಾವಿನ ಮೈ ಮ್ಯಾಲ ಇಲಿ ಕಚ್ಚಿದ ಗಾಯ. ಅದ ವರ್ಷ ಇಲಿ ಪಾಷಾಣ ಇಟ್ಟು ಇಲಿ ಸಂತಾನನ ಇಲ್ಲಂಗ ಮಾಡಿದ್ರು, ಹಾವು ಹೆಚ್ಚಾದ್ವು, ಆಜುಬಾಜು ನಡುಗಡ್ಡಿಗೂ ಒಯ್ದು ಬಿಟ್ರು, ಈಗ ಸಾವಿರ ದಾಟ್ಯಾವ.

ಮೆಣಸಿನಕಾಯಿ, ಬ್ಯಾಡಗಿ:
ಹಾವು ಮುಟ್ಟದ ಪ್ರಾಣಿನೂ ಹಾವು ಮುಗಸ್ತೈತಿ. ಮಾರಿಷಸ್ ಹತ್ರ ರೌಂಡ್ ಐಲ್ಯಾಂಡ್‌ಗೆ ಆಡು, ಮೊಲ ಬಿಟ್ರು, ಅವು ಗಿಡ ಮೇದು ಬೋಳು ಮಾಡಿದ್ವು, ಮಳಿಗೆ ಮಣ್ಣೆಲ್ಲಾ ಸಮುದ್ರಕ್ಕ. ಮಣ್ಣಿನ್ಯಾಗ ಕೊರಕೊಂಡು ಇರೋ ಬೋವಾ ಅನ್ನೋ ಹಾವು 1975ರಾಗ ಕಂಡದ್ದ ಕಡೀದು. ಆಡು, ಮೊಲ ತಗದ ಮ್ಯಾಲ ಇನ್ನೊಂದು ಜಾತಿ ಬೋವಾ ಹೆಂಗೋ ಉಳಕೊಂತು.

ಕಾಲೇಜ್ ಕಟ್ಟಿ, ಧಾರವಾಡ:
ಜಪಾನಿನವರು ಇನ್ನೂ ಶಾಣ್ಯಾರು. ಅಮಾಮಿ ಓಶಿಮಾ ಅನ್ನೋ ದ್ವೀಪದಾಗ ಹಾಬು ಅನ್ನೋ ವಿಷದ ಹಾವು ಕಡಿಮಿ ಆಗ್ಲಿ ಅಂತನ 1979ರಾಗ ಸುಮಾರು 30 ಮುಂಗಸಿ ಬಿಟ್ರು. ಹಾಬು ಹೊರಗ ಬರೋದು ರಾತ್ರಿ, ಮತ್ತ ಅದ ಟೈಮಿಂಗ್ ಗದ್ದಲ. ಹಾವು ಆರಾಮ ಇದ್ವು, ಅಲ್ಲಿಯ ಅಪರೂಪದ ಕರಿ ಮೊಲಕ್ಕ ಬಂತು ಕಂಟಕ. ಮುಂಗಸಿ ಪೂರಾ ಖಾಲಿ ಆದ್ವು ಅಂತ ಸರ್ಕಾರ ಹೇಳೂದ್ರಾಗ 2024 ಆಗಿತ್ತು.